ಮೈಸೂರಿನ ಏಜೆನ್ಸಿ ಪೋರ್ಟ್‌ಫೋಲಿಯೋಗೆ 38 ಸಾವಿರ ಕೇಳ್ತಿದೆ, ಕಟ್ಟಲಾ ಬೇಡವಾ?

ಕುವೆಂಪುನಗರದವಳು

ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ. ಬಿ.ಕಾಂ ಮುಗಿಸಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಚಿಕ್ಕಂದಿನಿಂದ ನಟನೆ ಅಂದ್ರೆ ಆಸೆ. ಸ್ಕೂಲ್ ಡೇ ನಾಟಕ ಬಿಟ್ಟರೆ ಏನೂ ಮಾಡಿಲ್ಲ.

ಹೋದ ಭಾನುವಾರ ಮಾಲ್‌ನಲ್ಲಿ ಒಬ್ಬರು ಬಂದು ಮಾತಾಡಿಸಿದರು. "ನಿಮ್ಮ ಫೇಸ್ ಕಟ್ ಸೀರಿಯಲ್‌ಗೆ ಹೇಳಿ ಮಾಡಿಸಿದ ಹಾಗಿದೆ" ಅಂದು ಕಾರ್ಡ್ ಕೊಟ್ಟರು. ಬುಧವಾರ ಆಫೀಸಿಗೆ ಹೋದೆ. ಬೇಕರಿ ಮೇಲೆ ಎರಡು ರೂಮು. ಗೋಡೆ ತುಂಬ ಹುಡುಗ ಹುಡುಗಿಯರ ಫೋಟೋ. ಮೇಡಂ ಒಬ್ಬರು ಚೆನ್ನಾಗಿ ಮಾತಾಡಿದರು, ಕಾಫಿ ಕೊಟ್ಟರು. ಕ್ಯಾಮೆರಾ ಮುಂದೆ ನಿಲ್ಲಿಸಿ ಹೆಸರು, ಊರು ಹೇಳಿಸಿದರು. ಹತ್ತೇ ನಿಮಿಷದಲ್ಲಿ "ಸೆಲೆಕ್ಟ್ ಆಗಿದ್ದೀರಿ" ಅಂದರು.

ರಿಜಿಸ್ಟ್ರೇಷನ್‌ಗೆ 1,500. ಪೋರ್ಟ್‌ಫೋಲಿಯೋಗೆ (ಕೆಲಸ ಕೇಳುವಾಗ ತೋರಿಸೋ ಫೋಟೋ ಆಲ್ಬಂ) 38,000, ಎರಡು ಕಂತಲ್ಲಿ ಕೊಡಬಹುದಂತೆ. ಆಮೇಲೆ ಎಲ್ಲಾ ಚಾನೆಲ್‌ಗೂ ಅವರೇ ಕಳಿಸುತ್ತಾರಂತೆ. ಈ ಶನಿವಾರದೊಳಗೆ ಹೇಳಬೇಕಂತೆ, ಇಲ್ಲದಿದ್ದರೆ ಈ ಬ್ಯಾಚ್ ತುಂಬಿಬಿಡುತ್ತದಂತೆ.

ನನ್ನ ಆರ್‌ಡಿಯಲ್ಲಿ 41 ಸಾವಿರ ಇದೆ. ಎರಡು ವರ್ಷ ಉಳಿಸಿದ್ದು. ಮನೆಯಲ್ಲಿ ಚಿಕ್ಕಮ್ಮನಿಗೆ ಮಾತ್ರ ಹೇಳಿದ್ದೇನೆ. ಕಟ್ಟಲಾ?

ಆರ್‌ಆರ್ ನಗರದ ಅಕ್ಕ

ಕಟ್ಟಬೇಡ ತಂಗಿ. ಆ ಆರ್‌ಡಿ ಮುರಿಸಬೇಡ.

ನಾನು ಒಂಬತ್ತು ವರ್ಷದಿಂದ ಸೀರಿಯಲ್ ಮಾಡುತ್ತಿದ್ದೇನೆ. ಅಕ್ಕ, ಅತ್ತಿಗೆ, ಪಕ್ಕದ ಮನೆಯವಳು, ಇಂಥ ಪಾತ್ರಗಳು. ಇವತ್ತಿನವರೆಗೂ ಯಾವ ಚಾನೆಲ್ಲಿಗೂ, ಯಾವ ಪ್ರೊಡಕ್ಷನ್ ಹೌಸಿಗೂ ನಾನು ಆಡಿಷನ್‌ಗೆ ಅಂತ ಒಂದು ರೂಪಾಯಿ ಕೊಟ್ಟಿಲ್ಲ. ಕೊಟ್ಟು ಒಳಗೆ ಬಂದವರನ್ನೂ ನೋಡಿಲ್ಲ.

ಏಜೆನ್ಸಿ ಅಂದರೆ ಏನು ಗೊತ್ತಾ? ನಿನಗೆ ಕೆಲಸ ಹುಡುಕಿ ಕೊಡುವವರು. ಆ ಕೆಲಸದ ದುಡ್ಡಲ್ಲಿ ಅವರ ಪಾಲು ಹಿಡಿದುಕೊಳ್ಳುವವರು. ನಿನಗೆ ಕೆಲಸ ಸಿಗದಿದ್ದರೆ ಅವರಿಗೂ ಏನೂ ಸಿಗಬಾರದು. ಹಾಗಿದ್ದಾಗಲೇ ಅವರು ನಿನಗೋಸ್ಕರ ನಾಲ್ಕು ಫೋನ್ ಮಾಡುತ್ತಾರೆ. ಮೊದಲೇ 38 ಸಾವಿರ ಕೈಗೆ ಬಂದರೆ ಫೋನ್ ಯಾಕೆ ಮಾಡಬೇಕು? ಮುಂದಿನ ಭಾನುವಾರ ಮಾಲ್‌ಗೆ ಹೋಗಿ ಇನ್ನೊಬ್ಬಳಿಗೆ ಕಾರ್ಡ್ ಕೊಟ್ಟರೆ ಆಯ್ತು.

ಸೀರಿಯಲ್ ಆಡಿಷನ್‌ನಲ್ಲಿ ಪೋರ್ಟ್‌ಫೋಲಿಯೋ ಯಾರೂ ತೆಗೆದು ನೋಡುವುದಿಲ್ಲ. ಮೊಬೈಲಿಗೆ ಎರಡು ಫೋಟೋ, ಒಂದು ಇಂಟ್ರೋ ವಿಡಿಯೋ ಕಳಿಸು ಅನ್ನುತ್ತಾರೆ. ಇಷ್ಟವಾದರೆ ಒಂದು ಸೀನ್ ಕೊಡುತ್ತಾರೆ. ಅದೂ ಸರಿ ಅನ್ನಿಸಿದರೆ ಲುಕ್ ಟೆಸ್ಟ್, ಅಂದರೆ ಪಾತ್ರದ ಬಟ್ಟೆ, ಮೇಕಪ್ ಹಾಕಿ ನೋಡುತ್ತಾರೆ. ನೀನು ಆ ಸೀನ್ ಹೇಗೆ ಹೇಳುತ್ತೀಯ ಅನ್ನುವುದೇ ಮುಖ್ಯ.

ಬೆಳಕಿನವನು

ನಾನು ಮೈಸೂರಲ್ಲೇ ಫೋಟೋಗ್ರಾಫರ್. ಈ ವಿಷಯದಲ್ಲಿ ನನಗೆ ಗೊತ್ತಿರುವುದನ್ನು ಹೇಳಲೇಬೇಕು.

ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಏಜೆನ್ಸಿಗೆ ನಾನು ಪೋರ್ಟ್‌ಫೋಲಿಯೋ ತೆಗೆದುಕೊಡುತ್ತಿದ್ದೆ. ಒಬ್ಬರಿಗೆ ನನಗೆ 8 ಸಾವಿರ ಕೊಡುತ್ತಿದ್ದರು. ಅದರಲ್ಲೇ ಮೇಕಪ್‌ನವರಿಗೆ ಎರಡು ಸಾವಿರ. ಆ ಮಕ್ಕಳು ಎಷ್ಟು ಕಟ್ಟುತ್ತಿದ್ದರು ಅಂತ ನಾನು ಕೇಳಿರಲಿಲ್ಲ. ಒಂದು ದಿನ ಮಳವಳ್ಳಿ ಕಡೆಯ ಹುಡುಗನೊಬ್ಬ ಶೂಟ್ ನಡುವೆ ಅಪ್ಪನ ಜೊತೆ ಫೋನಲ್ಲಿ ಮಾತಾಡುತ್ತಿದ್ದ. "ಮೂವತ್ತೈದು ಕಟ್ಟಿದ್ದೀನಲ್ಲಪ್ಪಾ, ಇನ್ನು ಕೆಲಸ ಬರುತ್ತೆ" ಅಂದ. ಕೈಯಲ್ಲಿದ್ದ ಕ್ಯಾಮೆರಾ ಭಾರ ಅನ್ನಿಸಿತು. ಆ ತಿಂಗಳೇ ಬಿಟ್ಟೆ. ಆ ಹುಡುಗನಿಗೆ ಕೆಲಸ ಸಿಗಲಿಲ್ಲ, ನಾನು ವಿಚಾರಿಸಿದೆ.

ಹಾಗಂತ ಒಳ್ಳೆ ಫೋಟೋ ಬೇಡವೇ ಬೇಡ ಅಂತಲ್ಲ. ಜಾಹೀರಾತು, ಕ್ಯಾಟಲಾಗ್ ಕೆಲಸಕ್ಕೆ ಮುಂದೆ ಬೇಕಾಗುತ್ತದೆ. ಆದರೆ ಯಾರ ಹತ್ತಿರ ತೆಗೆಸಬೇಕು ಅನ್ನುವುದು ನಿಮ್ಮ ಇಷ್ಟ ಆಗಿರಬೇಕು. "ನಮ್ಮ ಫೋಟೋಗ್ರಾಫರ್ ಹತ್ತಿರವೇ ತೆಗೆಸಬೇಕು, ದುಡ್ಡು ನಮಗೇ ಕಟ್ಟಬೇಕು" ಅಂದರೆ ಅವರ ವ್ಯಾಪಾರ ಫೋಟೋದ್ದು, ಕೆಲಸ ಕೊಡಿಸುವುದಲ್ಲ. ಇನ್ನೊಂದು ಮಾತು. ಹೊಸಬರ ಮುಖ ಎರಡು ವರ್ಷದಲ್ಲಿ ಬದಲಾಗುತ್ತದೆ, ಕೂದಲು ಬದಲಾಗುತ್ತದೆ. ಮೊದಲ ದಿನವೇ 38 ಸಾವಿರದ ಆಲ್ಬಂ ಮಾಡಿಸಿದರೆ ಅದು ಬೇಗ ಹಳೆಯದಾಗುತ್ತದೆ.

ಮಂಗಳೂರಿನವ

ನಮ್ಮ ಕಡೆ ತುಳು ಸಿನಿಮಾಗೆ ದಾರಿ ಅಂದರೆ ನಾಟಕವೇ. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ ವಾಮಂಜೂರು, ಎಲ್ಲರೂ ತುಳು ರಂಗಭೂಮಿಯಿಂದ ಬಂದವರು. ಇಲ್ಲೂ ಈಗ ಮಾಡೆಲಿಂಗ್ ಏಜೆನ್ಸಿಗಳಿವೆ, ಒಳ್ಳೆಯವೂ ಇವೆ. ಆದರೆ "ಶನಿವಾರದೊಳಗೆ ಹೇಳಿ" ಅನ್ನುವವರನ್ನು ನಾನು ನಂಬುವುದಿಲ್ಲ. ಕೆಲಸಕ್ಕೆ ಗಡುವು ಇರಬಹುದು, ದುಡ್ಡು ಕಟ್ಟುವುದಕ್ಕೆ ಯಾಕೆ ಗಡುವು?

ಕುವೆಂಪುನಗರದವಳು

ಎಲ್ಲರಿಗೂ ಥ್ಯಾಂಕ್ಸ್. ಓದಿ ಸ್ವಲ್ಪ ಬೇಜಾರಾಯಿತು, ಆದರೆ ಕೇಳಿದ್ದು ಒಳ್ಳೆಯದಾಯಿತು.

ಅವರು ಒಂದು ಅಗ್ರಿಮೆಂಟ್ ಕೊಟ್ಟಿದ್ದಾರೆ, ಇಂಗ್ಲಿಷ್‌ನಲ್ಲಿ ನಾಲ್ಕು ಪುಟ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಎರಡು ವರ್ಷ ಅವರ ಮೂಲಕವೇ ಕೆಲಸ ಮಾಡಬೇಕು. ಆಮೇಲೂ ಒಂದು ವರ್ಷ ಬೇರೆ ಏಜೆನ್ಸಿಗೆ ಸೇರಬಾರದು. ನಡುವೆ ಬಿಟ್ಟರೆ 2 ಲಕ್ಷ ದಂಡ. ಕಟ್ಟಿದ ದುಡ್ಡು ಯಾವ ಕಾರಣಕ್ಕೂ ವಾಪಸ್ ಇಲ್ಲ. ನನ್ನ ಫೋಟೋಗಳನ್ನು ಅವರು "ಯಾವುದೇ ಉದ್ದೇಶಕ್ಕೆ" ಬಳಸಬಹುದು. ಕೆಲಸ ಕೊಡಿಸುತ್ತೇವೆ ಅಂತ ಎಲ್ಲೂ ಬರೆದಿಲ್ಲ, ಬಾಯಲ್ಲಿ ಮಾತ್ರ ಹೇಳಿದರು.

ಕಾನೂನು ಓದಿದವಳು

ಕೊನೆಯ ಎರಡು ಸಾಲೇ ಎಲ್ಲಾ ಹೇಳುತ್ತಿವೆ. ನಿಮ್ಮ ಕಡೆಯಿಂದ ಏನೇನು ಬೇಕೋ ಎಲ್ಲಾ ಬರೆದಿದ್ದಾರೆ, ಅವರ ಕಡೆಯಿಂದ ಒಂದೂ ಬರೆದಿಲ್ಲ.

ಎರಡು ವರ್ಷ ಅವರ ಮೂಲಕವೇ ಕೆಲಸ ಮಾಡಬೇಕು ಅನ್ನುವ ಷರತ್ತು ಒಪ್ಪಂದದ ಅವಧಿಯ ಒಳಗೆ ಸಾಮಾನ್ಯವಾಗಿ ನಿಲ್ಲುತ್ತದೆ. ಅದಕ್ಕೇ ಸಹಿ ಹಾಕುವ ಮುಂಚೆ ಯೋಚಿಸಬೇಕು. ಆದರೆ ಅವಧಿ ಮುಗಿದ ಮೇಲೂ ಒಂದು ವರ್ಷ ಎಲ್ಲೂ ಹೋಗಬಾರದು ಅನ್ನುವುದು ನಿಲ್ಲುವುದಿಲ್ಲ. ದುಡಿಯುವ ಹಕ್ಕಿಗೆ ಅಡ್ಡ ಬರುವ ಕರಾರು ಅಸಿಂಧು ಅಂತ 1872ರ ಕರಾರು ಕಾಯ್ದೆಯ 27ನೇ ಕಲಂ ಹೇಳುತ್ತದೆ. 2 ಲಕ್ಷ ದಂಡಕ್ಕೂ ಹೆದರಬೇಡಿ. ಕಾಗದದಲ್ಲಿ ಎಷ್ಟು ಬರೆದರೂ ಅಷ್ಟೂ ತಾನಾಗಿ ಸಿಗುವುದಿಲ್ಲ. ಆ ಮೊತ್ತದ ಒಳಗೆ ನ್ಯಾಯವಾದ ಪರಿಹಾರ ಎಷ್ಟು ಅಂತ ಕೋರ್ಟ್ ನೋಡುತ್ತದೆ, ಅದು 74ನೇ ಕಲಂ. ಆದರೂ ಕೋರ್ಟು, ವಕೀಲರು ಅಂತ ಓಡಾಡುವ ಶಕ್ತಿ ಹೊಸ ಹುಡುಗಿಗೆ ಎಲ್ಲಿರುತ್ತದೆ? ಇಂಥ ಸಾಲುಗಳನ್ನು ಬರೆಯುವುದೇ ಹೆದರಿಸುವುದಕ್ಕೆ.

"ಯಾವುದೇ ಉದ್ದೇಶಕ್ಕೆ" ಅನ್ನುವುದಕ್ಕೆ ಮಾತ್ರ ಖಂಡಿತ ಒಪ್ಪಬೇಡಿ. ನಿಮ್ಮ ಮುಖ ನಾಳೆ ಯಾವ ಎಣ್ಣೆ ಡಬ್ಬದ ಮೇಲೆ, ಯಾವ ಡೇಟಿಂಗ್ ಆ್ಯಪ್ ಮೇಲೆ ಬರುತ್ತದೋ ಹೇಳೋಕಾಗಲ್ಲ.

ಅವರು ಕೊಡುವ ರಸೀದಿಯಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ನೋಡಿ. 15 ಅಕ್ಷರ ಇರಬೇಕು, ಕರ್ನಾಟಕದ್ದಾದರೆ 29ರಿಂದ ಶುರುವಾಗಬೇಕು. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ. ಚಿಕ್ಕ ಏಜೆನ್ಸಿಗೆ ನಂಬರ್ ಇಲ್ಲದಿದ್ದರೆ ಅದೊಂದೇ ತಪ್ಪಲ್ಲ. ಸುಳ್ಳು ನಂಬರ್ ಹಾಕಿದ್ದರೆ ಅಲ್ಲಿಂದ ಎದ್ದು ಬನ್ನಿ.

ಹುಬ್ಬಳ್ಳಿ ಕೋಆರ್ಡಿನೇಟರ್

ನಮಸ್ಕಾರ್ರಿ. ನಾನೂ ಒಂದು ಸಣ್ಣ ಏಜೆನ್ಸಿ ನಡೆಸುತ್ತೇನೆ, ಹುಬ್ಬಳ್ಳಿ-ಧಾರವಾಡ ಕಡೆ. ಇಲ್ಲಿ ಓದಿದವರಿಗೆ ಲೋಕಲ್ ಏಜೆನ್ಸಿ ಅಂದರೆ ಎಲ್ಲಾ ಮೋಸ ಅಂತ ಅನ್ನಿಸಬಾರದು. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಂಥವರಿಂದ ಏನು ಉಪಯೋಗ? ಸೀರೆ ಅಂಗಡಿ, ಬಂಗಾರದ ಅಂಗಡಿ, ಕಾಲೇಜು, ಆಸ್ಪತ್ರೆ, ಮಸಾಲೆ ಪುಡಿ ಕಂಪನಿ, ಇವರೆಲ್ಲ ಜಾಹೀರಾತಿಗೆ ಬೆಂಗಳೂರಿನಿಂದ ಮಾಡೆಲ್ ಕರೆಸಿದರೆ ಹೋಟೆಲ್ಲು, ಓಡಾಟ ಅಂತ ಖರ್ಚು ಜಾಸ್ತಿ. ಇಲ್ಲಿಯವರೇ ಸಿಕ್ಕರೆ ಅವರಿಗೂ ಅನುಕೂಲ. ನಾನು ಹುಡುಗರನ್ನು ಕಳಿಸುತ್ತೇನೆ, ಪಾರ್ಟಿಯಿಂದ ದುಡ್ಡು ವಸೂಲಿ ಮಾಡುತ್ತೇನೆ, 20 ಪರ್ಸೆಂಟ್ ನಾನು ಹಿಡಿದು ಉಳಿದಿದ್ದನ್ನು ಕೊಡುತ್ತೇನೆ. ಪಾರ್ಟಿ ಎರಡು ತಿಂಗಳು ಸತಾಯಿಸಿದರೆ ದಿನಾ ಅಂಗಡಿ ಬಾಗಿಲಲ್ಲಿ ಹೋಗಿ ನಿಲ್ಲುವವನು ನಾನು. ಮಾಡೆಲ್ ಹೋಗಿ ನಿಲ್ಲಬೇಕಾಗಿಲ್ಲ. ಆ 20 ಪರ್ಸೆಂಟ್ ಅದಕ್ಕೇ ಇರುವುದು.

ಮೊದಲು ನಾನೂ ರಿಜಿಸ್ಟ್ರೇಷನ್ ಅಂತ 500 ತೆಗೆದುಕೊಳ್ಳುತ್ತಿದ್ದೆ. ಒಂದು ವರ್ಷ ಆದ ಮೇಲೆ ಪುಸ್ತಕ ತೆಗೆದು ನೋಡಿದೆ. ದುಡ್ಡು ಕೊಟ್ಟವರಲ್ಲಿ ಅರ್ಧಕ್ಕರ್ಧ ಮಂದಿಗೆ ನಾನು ಒಂದೂ ಕೆಲಸ ಕೊಟ್ಟಿರಲಿಲ್ಲ. ಮನಸ್ಸಿಗೆ ಸರಿ ಅನ್ನಿಸಲಿಲ್ಲ, ನಿಲ್ಲಿಸಿದೆ.

ತಂಗಿ, ಶನಿವಾರ ಸುಮ್ನೆ ಹೋಗಿ ಮೂರೇ ಮಾತು ಕೇಳು. ಹೋದ ಆರು ತಿಂಗಳಲ್ಲಿ ಯಾರನ್ನು ಯಾವ ಕೆಲಸಕ್ಕೆ ಕಳಿಸಿದ್ದೀರಿ? ಅವರಲ್ಲಿ ಒಬ್ಬರ ಜೊತೆ ಮಾತಾಡಬಹುದಾ? ನಿಮ್ಮ ಫೀಸನ್ನು ನನ್ನ ಮೊದಲ ಕೆಲಸದಲ್ಲಿ ಹಿಡಿದುಕೊಳ್ಳುತ್ತೀರಾ? ಮೂರನೆಯದಕ್ಕೆ ಏನು ಉತ್ತರ ಬರುತ್ತದೋ ಅದನ್ನು ಚೆನ್ನಾಗಿ ಕೇಳಿಸಿಕೋ.

ಗೋಡೆ ಮೇಲಿನ ಫೋಟೋ ನೋಡಿ ಮರುಳಾಗಬೇಡ. ಅದರಲ್ಲಿ ಎಷ್ಟು ಫೋಟೋ ಪೇಪರಲ್ಲಿ, ಹೋರ್ಡಿಂಗ್‌ನಲ್ಲಿ ಬಂದಿದ್ದು, ಎಷ್ಟು ಅವರದೇ ಸ್ಟುಡಿಯೋದಲ್ಲಿ ತೆಗೆದಿದ್ದು ಅಂತ ಕೇಳು.

ಕ್ಯಾಟಲಾಗ್ ಕೆಲಸದವಳು

ಹುಬ್ಬಳ್ಳಿ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬೆಂಗಳೂರಲ್ಲಿ ಆನ್‌ಲೈನ್ ಬಟ್ಟೆ ಕ್ಯಾಟಲಾಗ್ ಮಾಡುತ್ತೇನೆ. ಮಿಂತ್ರಾ, ಫ್ಲಿಪ್‌ಕಾರ್ಟ್ ಎರಡರ ಹೆಡ್ ಆಫೀಸೂ ಬೆಂಗಳೂರಲ್ಲೇ ಇವೆ, ಹಾಗಾಗಿ ಈ ಕೆಲಸ ಇಲ್ಲಿ ಇದ್ದೇ ಇದೆ. ಮಾಡೆಲಿಂಗ್ ಅಂದ ಕೂಡಲೇ ಎಲ್ಲರೂ ಫ್ಯಾಷನ್ ಶೋದ ರ‍್ಯಾಂಪ್ ಅಂದುಕೊಳ್ಳುತ್ತಾರೆ. ರ‍್ಯಾಂಪ್‌ಗೆ ಹುಡುಗಿಯರಿಗೆ ಹೆಚ್ಚುಕಡಿಮೆ 5 ಅಡಿ 8 ಇಂಚು ಕೇಳುತ್ತಾರೆ. ಜಾಹೀರಾತಿಗೆ, ಸೀರಿಯಲ್‌ಗೆ ಆ ಲೆಕ್ಕ ಇಲ್ಲ.

ನನ್ನ ಒಂದು ದಿನ ಹೇಗಿರುತ್ತದೆ ಹೇಳುತ್ತೇನೆ. ಬೆಳಿಗ್ಗೆ 8ಕ್ಕೆ ಸ್ಟುಡಿಯೋ. ಒಂದು ದಿನಕ್ಕೆ 40 ಕುರ್ತಾ. ಮುಂದೆ, ಹಿಂದೆ, ಪಕ್ಕ, ಕ್ಲೋಸಪ್. ಬಟ್ಟೆ ದೊಡ್ಡದಾದರೆ ಬೆನ್ನ ಹಿಂದೆ ಸಾಲಾಗಿ ಕ್ಲಿಪ್ ಹಾಕಿ ಬಿಗಿ ಮಾಡುತ್ತಾರೆ, ಮುಂದಿನಿಂದ ಹೇಳಿ ಹೊಲಿಸಿದ ಹಾಗೆ ಕಾಣುತ್ತದೆ. ಚಪ್ಪಲಿ ಅಡಿಗೆ ಟೇಪ್ ಅಂಟಿಸುತ್ತಾರೆ, ಗೀರು ಬಿದ್ದರೆ ವಾಪಸ್ ಹೋಗುವುದಿಲ್ಲ ಅಂತ. ಎರಡೇ ನಿಮಿಷದಲ್ಲಿ ಬಟ್ಟೆ ಬದಲಿಸಬೇಕು. ಸಂಜೆ ಹೊತ್ತಿಗೆ ಕಾಲು ಮರಗಟ್ಟಿರುತ್ತದೆ, ಆದರೂ ನಲವತ್ತನೆಯ ಕುರ್ತಾದಲ್ಲೂ ಮೊದಲನೆಯದರಷ್ಟೇ ನಗು ಇರಬೇಕು. ಈ ಕೆಲಸ ನನಗೆ ಇಷ್ಟ. ಮೈಯನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಕಲಿಸಿದ್ದು ಇದೇ.

ನನ್ನ ಮೊದಲ ತಪ್ಪನ್ನು ನೀವು ಮಾಡಬೇಡಿ. ಒಂದು ಒಡವೆ ಅಂಗಡಿಗೆ ದೀಪಾವಳಿಯ ಒಂದು ಪೇಪರ್ ಜಾಹೀರಾತು ಅಂತ 5 ಸಾವಿರಕ್ಕೆ ಒಪ್ಪಿದೆ. ಫೋಟೋ ಬಳಸಲು ಒಪ್ಪಿಗೆ ಕೊಡುವ ರಿಲೀಸ್ ಫಾರಂ ಓದದೆ ಸಹಿ ಹಾಕಿದೆ. ಮೂರು ವರ್ಷ ಆ ಫೋಟೋ ಹೋರ್ಡಿಂಗ್‌ನಲ್ಲಿತ್ತು, ಅಂಗಡಿಯ ಕೈಚೀಲದ ಮೇಲಿತ್ತು, ಕ್ಯಾಲೆಂಡರ್‌ನಲ್ಲೂ ಇತ್ತು. ನನ್ನ ಮದುವೆಗೆ ಬಂದವರೊಬ್ಬರು ಅದೇ ಚೀಲದಲ್ಲಿ ಉಡುಗೊರೆ ತಂದಿದ್ದರು. ಅದಕ್ಕಿಂತ ನೋವಾಗಿದ್ದು ಇನ್ನೊಂದು. ಆ ಮೂರು ವರ್ಷ ಬೇರೆ ಯಾವ ಒಡವೆ ಅಂಗಡಿಯೂ ನನ್ನನ್ನು ಕರೆಯಲಿಲ್ಲ, "ನೀವು ಅವರ ಮುಖ ಅಲ್ವಾ" ಅಂದರು.

ಈಗ ಪ್ರತಿ ಸಲವೂ ಮೂರು ವಿಷಯ ಬರೆಸಿಕೊಳ್ಳುತ್ತೇನೆ. ಎಲ್ಲೆಲ್ಲಿ ಬಳಸುತ್ತಾರೆ, ಎಷ್ಟು ತಿಂಗಳು, ಯಾವ ಊರುಗಳಲ್ಲಿ. ವಾಟ್ಸಾಪ್‌ನಲ್ಲಿ ಬರೆದರೂ ಸಾಕು, ಬರಹದಲ್ಲಿ ಇರಬೇಕು.

ಕುವೆಂಪುನಗರದವಳು

ಅಕ್ಕ, ನನ್ನ ಎತ್ತರ 5 ಅಡಿ 3. ಆ ಲೆಕ್ಕ ಇಲ್ಲ ಅಂದಿದ್ದಕ್ಕೆ ಖುಷಿಯಾಯಿತು.

ಪೋರ್ಟ್‌ಫೋಲಿಯೋ ಬೇಡ ಅಂದರೆ ಮೊಬೈಲಲ್ಲಿ ಹೇಗೆ ಫೋಟೋ ತೆಗೆಯಬೇಕು?

ಬೆಳಕಿನವನು

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ ಹತ್ತಿರ, ಬಿಳಿ ಅಥವಾ ತಿಳಿ ಬಣ್ಣದ ಗೋಡೆ ಮುಂದೆ ನಿಲ್ಲಿ. ಗೋಡೆಯಿಂದ ಒಂದು ಮಾರು ದೂರ, ಇಲ್ಲದಿದ್ದರೆ ಬೆನ್ನ ಹಿಂದೆ ನೆರಳು ಬೀಳುತ್ತದೆ. ಮುಖ ಕಿಟಕಿ ಕಡೆಗಿರಲಿ. ಮೈಗೆ ಸರಿಯಾಗಿ ಕೂರುವ, ಅಕ್ಷರ ಚಿತ್ರ ಏನೂ ಇಲ್ಲದ ಟೀ ಶರ್ಟ್, ಜೀನ್ಸ್. ಮೇಕಪ್ ಬೇಡ, ಫಿಲ್ಟರ್ ಬೇಡವೇ ಬೇಡ. ಮೊಬೈಲಿನ ಹಿಂದಿನ ಕ್ಯಾಮೆರಾ ಬಳಸಿ, ಬೇರೆಯವರ ಕೈಯಲ್ಲಿ ತೆಗೆಸಿ. ನೇರ ಮುಖ, ಎಡ ಪಕ್ಕ, ಬಲ ಪಕ್ಕ, ಪೂರ್ತಿ ಎತ್ತರ. ಒಂದು ನಗುತ್ತಾ, ಒಂದು ಸುಮ್ಮನೆ. ಕೂದಲು ಕಟ್ಟಿ ಒಂದು, ಬಿಟ್ಟು ಒಂದು. ಆಮೇಲೆ ಸೀರೆಯಲ್ಲಿ ಒಂದೆರಡು, ನಮ್ಮ ಕಡೆ ಕೆಲಸಕ್ಕೆ ಅದನ್ನು ಕೇಳೇ ಕೇಳುತ್ತಾರೆ.

ಆರ್‌ಆರ್ ನಗರದ ಅಕ್ಕ

ಇಂಟ್ರೋ ವಿಡಿಯೋಗೆ ಮೊಬೈಲ್ ಅಡ್ಡ ಹಿಡಿಸು. ಹೆಸರು, ವಯಸ್ಸು, ಎತ್ತರ, ಊರು, ಯಾವ ಭಾಷೆ ಬರುತ್ತದೆ ಅಂತ ಹೇಳು. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಎರಡೂ ಕೈ ಮುಂದೆ ಹಿಂದೆ ತೋರಿಸು. ಒಂದು ನಿಮಿಷ ಸಾಕು. ಸ್ಕೂಟರ್ ಓಡಿಸೋಕೆ ಬರುತ್ತದಾ, ಈಜು ಬರುತ್ತದಾ, ಅದನ್ನೂ ಹೇಳು. ಸ್ಕೂಟರ್ ಬರುತ್ತದೆ ಅನ್ನೋ ಒಂದೇ ಕಾರಣಕ್ಕೆ ನನಗೊಂದು ಪಾತ್ರ ಸಿಕ್ಕಿತ್ತು.

ಎರಡು ಮಕ್ಕಳ ಅಮ್ಮ

ನಡುವೆ ಒಂದು ಪ್ರಶ್ನೆ. ನನ್ನ ಆರು ವರ್ಷದ ಮಗನನ್ನು ಒಂದು ಸೀರಿಯಲ್‌ಗೆ ಕೇಳುತ್ತಿದ್ದಾರೆ. ತಿಂಗಳಲ್ಲಿ 15 ದಿನ ಅಂತೆ. ಸ್ಕೂಲ್ ಹೇಗೆ, ಎಷ್ಟು ಹೊತ್ತು, ಏನೂ ಸರಿಯಾಗಿ ಹೇಳುತ್ತಿಲ್ಲ.

ಕಾನೂನು ಓದಿದವಳು

ಮೇಡಂ, ಮಕ್ಕಳ ವಿಷಯದಲ್ಲಿ ನಿಯಮ ತುಂಬಾ ಸ್ಪಷ್ಟವಾಗಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಒಂದೇ ಸಮನೆ 3 ಗಂಟೆಗಿಂತ ಜಾಸ್ತಿ ಇಲ್ಲ, ನಡುವೆ ವಿಶ್ರಾಂತಿ ಕೊಡಲೇಬೇಕು. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಯನ್ನು ನಿರ್ಮಾಪಕರು ತೆಗೆದುಕೊಳ್ಳಬೇಕು. ಓದು ನಿಲ್ಲದ ಹಾಗೆ ಅವರೇ ವ್ಯವಸ್ಥೆ ಮಾಡಬೇಕು, 27 ದಿನಕ್ಕಿಂತ ಹೆಚ್ಚು ಸತತವಾಗಿ ಕೆಲಸ ಮಾಡಿಸಬಾರದು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ 20 ಪರ್ಸೆಂಟ್ ಮಗುವಿನ ಹೆಸರಲ್ಲೇ ಬ್ಯಾಂಕ್ ಎಫ್‌ಡಿ ಆಗಬೇಕು, ದೊಡ್ಡವನಾದ ಮೇಲೆ ಅವನಿಗೇ ಸೇರಬೇಕು. ಮಗುವಿನ ಒಪ್ಪಿಗೆಯೂ ಬೇಕು.

ಇದನ್ನೆಲ್ಲ ಕೇಳಿ ನೋಡಿ. ಸರಿಯಾದ ಪ್ರೊಡಕ್ಷನ್‌ನವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡು ಮಕ್ಕಳ ಅಮ್ಮ

20 ಪರ್ಸೆಂಟಿನ ವಿಷಯ ಯಾರೂ ಹೇಳಿರಲಿಲ್ಲ. ನಾಳೆನೇ ಕೇಳುತ್ತೇನೆ. ಅವನಿಗೆ ಮಧ್ಯಾಹ್ನ ನಿದ್ದೆ ಮಾಡದಿದ್ದರೆ ಸಂಜೆ ಹಟ, ನನಗೆ ಅದೇ ಚಿಂತೆ ಇತ್ತು.

ರಂಗದ ಹುಡುಗ

ಇಷ್ಟು ಹೊತ್ತು ಎಲ್ಲರೂ ಏಜೆನ್ಸಿ, ಫೋಟೋ, ಕಾಗದ ಪತ್ರದ ಬಗ್ಗೆ ಹೇಳಿದರು. ಕುವೆಂಪುನಗರದ ಅಕ್ಕ, ನೀವು ಮೊದಲ ಸಾಲಲ್ಲಿ ಬರೆದಿದ್ದು ನಟನೆ ಅಂದ್ರೆ ಆಸೆ ಅಂತ. ಆ ಆಸೆಗೆ ಮೈಸೂರಿಗಿಂತ ಒಳ್ಳೆ ಊರು ಯಾವುದಿದೆ?

ಕಲಾಮಂದಿರದ ಪಕ್ಕದಲ್ಲೇ ರಂಗಾಯಣ ಅನ್ನೋ ನಾಟಕ ಸಂಸ್ಥೆ ಇದೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು. ಅಲ್ಲಿಯ ಭೂಮಿಗೀತ ರಂಗಮಂದಿರದಲ್ಲಿ ಟಿಕೆಟ್ ತೆಗೆದುಕೊಂಡು ಮುಂದಿನ ಸಾಲಲ್ಲಿ ಕೂತು ನಾಟಕ ನೋಡಿ. ನಟರ ಬೆವರು ಕಾಣಿಸುವಷ್ಟು ಹತ್ತಿರ. ಬಹುರೂಪಿ ನಾಟಕೋತ್ಸವದಲ್ಲಿ ದೇಶದ ಬೇರೆ ಬೇರೆ ಕಡೆಯಿಂದ ತಂಡಗಳು ಬರುತ್ತವೆ. ನಿಮ್ಮ ಮನೆಗೆ ಹತ್ತಿರದ ರಾಮಕೃಷ್ಣನಗರದಲ್ಲಿ ಮಂಡ್ಯ ರಮೇಶ್ ಅವರು ಕಟ್ಟಿದ ನಟನ ರಂಗಶಾಲೆ ಇದೆ. ಕೆಲಸ ಬಿಡಲು ಆಗದವರು ವಾರದ ಕೊನೆಯ ತರಗತಿ ಎಲ್ಲಿದೆ ಅಂತ ವಿಚಾರಿಸಿ. ಪೂರ್ತಿ ಮುಳುಗುವ ಮನಸ್ಸಿದ್ದರೆ ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಂ ಇದೆ, ಅಲ್ಲಿಯ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ.

ಅಚ್ಯುತ್ ಕುಮಾರ್, ನೀನಾಸಂ ಸತೀಶ್ ಅಲ್ಲಿಂದ ಬಂದವರು. ಸಂಚಾರಿ ವಿಜಯ್ ಅವರ ಹೆಸರಿನಲ್ಲೇ ಅವರ ನಾಟಕ ತಂಡ ಇತ್ತು, 2014ನೇ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಬಂತು. ಯಶ್ ಕೂಡ ಬೆನಕ ನಾಟಕ ತಂಡದಲ್ಲಿ ಬ್ಯಾಕ್‌ಸ್ಟೇಜ್ ಕೆಲಸ ಮಾಡಿದವರೇ.

ನಾನು ಮೊದಲ ಆರು ತಿಂಗಳು ಬರೀ ಪರದೆ ಎಳೆದೆ, ಲೈಟ್ ಹೊತ್ತೆ, ಎಲ್ಲರಿಗೂ ಟೀ ತಂದೆ. ಆದರೆ ಪ್ರತಿದಿನ ರಿಹರ್ಸಲ್ ನೋಡುತ್ತಿದ್ದೆ. ಒಂದು ಮಾತನ್ನು ಮೂವತ್ತು ಸಲ ಹೇಳಿ, ಮೂವತ್ತೊಂದನೆಯ ಸಲ ಅದು ನಿಜ ಆಗುವುದನ್ನು ಕಣ್ಣಾರೆ ನೋಡಿದೆ.

ಕ್ಯಾಟಲಾಗ್ ಕೆಲಸದವಳು

ನಾಟಕದ ದಾರಿ ಒಳ್ಳೆಯದೇ. ಆದರೆ ಮಾಡೆಲಿಂಗ್‌ನಿಂದ ನಟನೆಗೆ ಹೋಗುವ ದಾರಿಯೂ ನಿಜವಾದ ದಾರಿಯೇ. ದೀಪಿಕಾ ಪಡುಕೋಣೆ ಬೆಂಗಳೂರಲ್ಲಿ ಬೆಳೆದು, ಮಾಡೆಲಿಂಗ್ ಮಾಡಿ, 2006ರಲ್ಲಿ ಮೊದಲ ಸಿನಿಮಾ ಮಾಡಿದ್ದು ಕನ್ನಡದಲ್ಲೇ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು.

ಲೆಕ್ಕದ ಮೇಷ್ಟ್ರು

ಸಣ್ಣ ವಿಷಯ, ಆದರೆ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಕಂಪನಿಗಳು ನಿಮಗೆ ಕೊಡುವ ಹಣ ವರ್ಷಕ್ಕೆ ಒಂದು ಮಿತಿ ದಾಟಿದರೆ 10 ಪರ್ಸೆಂಟ್ ಟಿಡಿಎಸ್ (ಕೊಡುವ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ 20. ಹಿಡಿದ ಹಣ ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ಅಂತ ಆದಾಯ ತೆರಿಗೆ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ನಿಮ್ಮ ಆದಾಯ ಕಡಿಮೆ ಇದ್ದರೆ ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು. ಈ ಅಕ್ಕ ಲೆಕ್ಕ ಬರೆಯುವವರು, ಅವರಿಗೆ ಇದು ಕಷ್ಟ ಆಗಲ್ಲ.

ಆರ್‌ಆರ್ ನಗರದ ಅಕ್ಕ

ಇನ್ನೊಂದು ವಿಷಯ ಇಲ್ಲಿ ಯಾರೂ ಎತ್ತಿಲ್ಲ, ನಾನೇ ಹೇಳುತ್ತೇನೆ.

ಆಡಿಷನ್ ಅಂದರೆ ಆಫೀಸು ಅಥವಾ ಸ್ಟುಡಿಯೋ, ಹಗಲು ಹೊತ್ತು, ನಾಲ್ಕು ಜನ ಓಡಾಡುವ ಕಡೆ. ಹೋಟೆಲ್ ರೂಮಿಗೆ ಕರೆದರೆ ಹೋಗಬೇಡ, ಎಷ್ಟೇ ದೊಡ್ಡ ಹೆಸರು ಹೇಳಿದರೂ. ಮೊದಲ ಸಲ ಚಿಕ್ಕಮ್ಮನನ್ನು ಕರೆದುಕೊಂಡು ಹೋಗು. "ಒಬ್ಬರೇ ಬನ್ನಿ" ಅಂದರೆ ಅಲ್ಲೇ ಉತ್ತರ ಸಿಕ್ಕಿತು ಅಂದುಕೋ. "ಅಡ್ಜಸ್ಟ್ ಮಾಡ್ಕೋತೀರಾ", "ಕಾಂಪ್ರಮೈಸ್ ಇದೆ" ಅನ್ನುವ ಮಾತು ಬಂದರೆ ಯಾಕೆ ಏನು ಅಂತ ಕೇಳುತ್ತಾ ನಿಲ್ಲಬೇಡ. ಮೆಸೇಜಿನಲ್ಲಿ ಬಂದಿದ್ದರೆ ಅಳಿಸಬೇಡ, ಸ್ಕ್ರೀನ್‌ಶಾಟ್ ಇಟ್ಟುಕೋ. ನಾನು ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಅಂಥ ಮೆಸೇಜ್ ಹೆದರಿ ಅಳಿಸಿದೆ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ, ಆಮೇಲೆ ಅದೇ ವ್ಯಕ್ತಿ ಇನ್ನೊಬ್ಬಳಿಗೆ ಅದೇ ಮಾತು ಬರೆದ.

ಕಾನೂನು ಓದಿದವಳು

ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಶೂಟಿಂಗ್ ಸ್ಥಳಕ್ಕೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆನ್‌ಲೈನ್‌ನಲ್ಲಿ ಆಡಿಷನ್ ಹೆಸರಲ್ಲಿ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಕುವೆಂಪುನಗರದವಳು

ಶನಿವಾರ ಹೋಗಿ ಬಂದೆ, ಚಿಕ್ಕಮ್ಮನ ಜೊತೆ.

ಹುಬ್ಬಳ್ಳಿ ಸರ್ ಹೇಳಿದ ಮೂರು ಮಾತು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಆರು ತಿಂಗಳಲ್ಲಿ ಯಾರನ್ನು ಕಳಿಸಿದ್ದೀರಿ ಅಂದೆ. "ತುಂಬಾ ಜನ" ಅಂದರು. ಒಬ್ಬರ ನಂಬರ್ ಕೊಡಿ ಅಂದೆ. "ಪ್ರೈವಸಿ" ಅಂದರು. ಸರಿ, ನೀವೇ ಫೋನ್ ಮಾಡಿ ಸ್ಪೀಕರ್‌ನಲ್ಲಿ ಇಡಿ, ಇಲ್ಲೇ ಎರಡು ಮಾತು ಆಡುತ್ತೇನೆ ಅಂದರು ಚಿಕ್ಕಮ್ಮ. ಯಾರೂ ಫೋನ್ ತೆಗೆಯಲಿಲ್ಲ. ಕೊನೆಗೆ ಫೀಸನ್ನು ಮೊದಲ ಕೆಲಸದಲ್ಲಿ ಹಿಡಿದುಕೊಳ್ಳಿ, 25 ಪರ್ಸೆಂಟ್ ಬೇಕಾದರೂ ಹಿಡಿಯಿರಿ ಅಂದೆ. ಮೇಡಂ ಮುಖ ಬದಲಾಯಿತು. "ನಿಮ್ಮ ಮೇಲೆ ನಿಮಗೇ ನಂಬಿಕೆ ಇಲ್ಲ ಅಂದ್ರೆ ನಾವೇನು ಮಾಡೋದು" ಅಂದರು.

ಆ ಮಾತು ಚುಚ್ಚಿತು. ಮೆಟ್ಟಿಲು ಇಳಿಯುವಾಗ ಕಣ್ಣಲ್ಲಿ ನೀರು ಬಂತು. ಚಿಕ್ಕಮ್ಮ ಕೆಳಗಿನ ಬೇಕರಿಯಲ್ಲಿ ದಿಲ್‌ಪಸಂದ್ ಕೊಡಿಸಿ, "ಅವಳಿಗೆ ನಿನ್ನ ಮೇಲೆ ನಂಬಿಕೆ ಇದ್ದಿದ್ದರೆ ಮೊದಲ ಕೆಲಸದವರೆಗೆ ಕಾಯುತ್ತಿದ್ದಳು" ಅಂದರು. ಆರ್‌ಡಿ ಹಾಗೇ ಇದೆ.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮನೇ ಕಿಟಕಿ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ವಾರದ ಕೊನೆಯ ನಾಟಕ ತರಗತಿಗೂ ಸೇರುತ್ತಿದ್ದೇನೆ.

ಹುಬ್ಬಳ್ಳಿ ಕೋಆರ್ಡಿನೇಟರ್

ಭೇಷ್! ನಿಮ್ಮ ಚಿಕ್ಕಮ್ಮನವರಿಗೆ ನನ್ನ ನಮಸ್ಕಾರ ಹೇಳು. ಮೈಸೂರಲ್ಲಿ ನನಗೆ ಗೊತ್ತಿರುವ ಒಬ್ಬ ಕೋಆರ್ಡಿನೇಟರ್ ಇದ್ದಾರೆ, ಮುಂಗಡ ತೆಗೆದುಕೊಳ್ಳುವುದಿಲ್ಲ. ಇಲ್ಲಿ ನಂಬರ್ ಹಾಕುವುದು ಬೇಡ, ಬೇರೆಯಾಗಿ ಮೆಸೇಜ್ ಮಾಡುತ್ತೇನೆ. ಅವರಿಗೂ ಅದೇ ಮೂರು ಮಾತು ಕೇಳು, ನಾನು ಹೇಳಿದೆ ಅಂತ ಬಿಡಬೇಡ.

ಕುವೆಂಪುನಗರದವಳು

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಇವತ್ತು ಮೊದಲ ಕೆಲಸ ಆಯಿತು!

ಇಲ್ಲಿಯ ಒಂದು ಸೀರೆ ಅಂಗಡಿಗೆ, 11 ಸೀರೆ. 3,500 ರೂಪಾಯಿ, 20 ಪರ್ಸೆಂಟ್ ಕಮಿಷನ್ ಹೋಗಿ 2,800 ಕೈಗೆ. ಅಂಗಡಿಯ ಪೇಜ್‌ನಲ್ಲಿ ಮತ್ತು ಪೇಪರಲ್ಲಿ ಮಾತ್ರ, 6 ತಿಂಗಳು ಅಂತ ಬರೆಸಿಕೊಂಡೆ. ಅಂಗಡಿಯವರು ಏನೂ ಅನ್ನಲಿಲ್ಲ, ಸುಮ್ಮನೆ ಬರೆದುಕೊಟ್ಟರು.

ಸೀರೆ ಉಡಿಸುವ ಅಕ್ಕ ಒಂದೊಂದು ನೆರಿಗೆಗೂ ಒಳಗಿನಿಂದ ಪಿನ್ ಹಾಕಿ, ಸೆರಗಿನ ಹಿಂದೆ ರಟ್ಟಿನ ಚೂರು ಇಟ್ಟು ನಿಲ್ಲಿಸಿದರು. ಉಸಿರು ಜೋರಾಗಿ ಎಳೆದರೆ ಅಲುಗುತ್ತದೆ ಅಂದರು. ನಾಲ್ಕನೆಯ ಸೀರೆ ಹೊತ್ತಿಗೆ ಹೇಗೆ ನಿಲ್ಲಬೇಕು ಅಂತ ಸ್ವಲ್ಪ ಗೊತ್ತಾಯಿತು. ಏಳನೆಯದು ಕಡುಹಸಿರು, ಅದರಲ್ಲಿ ತೆಗೆದ ಫೋಟೋ ನೋಡಿ ಇದು ನಾನೇನಾ ಅನ್ನಿಸಿತು.

ಈಗ ಇನ್ನೊಂದು. ಗುರುವಾರ ಬೆಂಗಳೂರಲ್ಲಿ ಸೀರಿಯಲ್ ಆಡಿಷನ್ ಇದೆ, ತಂಗಿ ಪಾತ್ರ. ಎರಡು ಪುಟದ ಸೀನ್ ಕಳಿಸಿದ್ದಾರೆ. ಅಣ್ಣನ ಜೊತೆ ಜಗಳ, ಕೊನೆಗೆ ಅಳಬೇಕು. ಸೆಟ್‌ನಲ್ಲಿ ಪ್ರಾಂಪ್ಟಿಂಗ್ ಕೊಡುತ್ತಾರೆ ಅಂತ ಕೇಳಿದ್ದೆ. ಆಡಿಷನ್‌ನಲ್ಲೂ ಕೊಡುತ್ತಾರಾ? ಅಳು ಬರದಿದ್ದರೆ ಏನು ಮಾಡಲಿ?

ಆರ್‌ಆರ್ ನಗರದ ಅಕ್ಕ

ಓದಿ ನನ್ನ ಕಣ್ಣೇ ತುಂಬಿತು ತಂಗಿ.

ಸೆಟ್‌ನಲ್ಲಿ ಕ್ಯಾಮೆರಾ ಪಕ್ಕದಿಂದ ಅಸಿಸ್ಟೆಂಟ್ ಒಂದೊಂದೇ ಸಾಲು ಹೇಳುತ್ತಾರೆ, ನಾವು ಹಿಂದೆಯೇ ಹೇಳುತ್ತೇವೆ. ಆಡಿಷನ್‌ನಲ್ಲಿ ಅದನ್ನು ನಂಬಿಕೊಂಡು ಹೋಗಬೇಡ. ಎರಡೂ ಪುಟ ಬಾಯಿಪಾಠ ಇರಲಿ. ಅಣ್ಣನ ಮಾತೂ ಬಾಯಿಪಾಠ ಮಾಡು, ಆಗ ಅವನು ಹೇಳುವುದನ್ನು ನಿಜವಾಗಿ ಕೇಳಿಸಿಕೊಳ್ಳೋಕೆ ಆಗುತ್ತದೆ. ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಿಸುತ್ತಾ ಹೇಳಿ ನೋಡು. ಕೈ ಕೆಲಸ ಮಾಡುವಾಗಲೂ ಮಾತು ತಾನಾಗಿ ಬಂದರೆ ಅದು ನಿನ್ನದಾಯಿತು.

ಅಳೋಕೆ ಅಂತ ಒದ್ದಾಡಬೇಡ. ಜಗಳದ ಸೀನ್‌ನಲ್ಲಿ ಆ ಹುಡುಗಿ ಅಳಬಾರದು ಅಂತ ಹಟ ಹಿಡಿದಿರುತ್ತಾಳೆ ಅಲ್ವಾ? ನೀನೂ ಅಳು ತಡೆಯುವುದನ್ನೇ ಮಾಡು. ಗಂಟಲು ತಾನಾಗಿ ಕಟ್ಟುತ್ತದೆ. ಕಣ್ಣೀರು ಬರದಿದ್ದರೂ ಪರವಾಗಿಲ್ಲ, ಕೊನೆಯ ಸಾಲನ್ನು ಮಾತ್ರ ನುಂಗಬೇಡ, ಪೂರ್ತಿ ಹೇಳು.

ಗುರುವಾರ ಬೆಳಿಗ್ಗೆ ಯಾವ ಟ್ರೈನಿಗೆ ಬರುತ್ತೀಯ? ಕೆಂಗೇರಿಯಲ್ಲಿ ಇಳಿದರೆ ನನಗೆ ಹತ್ತಿರ. ಚಿಕ್ಕಮ್ಮನನ್ನೂ ಕರೆದುಕೊಂಡು ಬಾ. ಆಡಿಷನ್‌ಗೆ ಮುಂಚೆ ನಮ್ಮ ಮನೆಯಲ್ಲಿ ಒಂದು ಸಲ ಸೀನ್ ಹೇಳಿ ನೋಡೋಣ, ಅಣ್ಣನ ಮಾತು ನಾನು ಹೇಳುತ್ತೇನೆ.